ಯೆಲ್ಲೋಸ್ಟೋನ್ ನೋಡಿದ ಹುಡುಗಿಗೆ ಒಂದು ಪತ್ರ

ಪ್ರೀತಿಯ ಮಗೂ,

'ಯೆಲ್ಲೋಸ್ಟೋನ್' ಅನ್ನೋ ಅಮೆರಿಕದ ಟೀವಿ ಸೀರಿಯಲ್ ಬಗ್ಗೆ ನೀನು ಬರೆದ ಲೇಖನ ತಲುಪಿತು. ಅದಕ್ಕೆ ಪಿನ್ ಮಾಡಿದ್ದ ಚೀಟಿಯೂ ಸಿಕ್ಕಿತು. ಚೀಟಿ ಲೇಖನಕ್ಕಿಂತ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡ್ಕೋಬೇಡ.

ಚೀಟಿಯಲ್ಲಿ ನೀನು ಏನು ಬರೆದಿದ್ದೀಯ ಅಂತ ನೆನಪಿದೆಯಾ? ರಾತ್ರಿ ಎರಡು ಗಂಟೆವರೆಗೆ ಮೊಬೈಲು ಹಿಡಿದುಕೊಂಡು ನೋಡಿದೆ, ಅಮ್ಮ ಬೈದರು, ಬೆಳಿಗ್ಗೆ ಕೆಲಸಕ್ಕೆ ತಡವಾಯಿತು, ಆದರೂ ಸಂಜೆ ಬಂದವಳೇ ಮತ್ತೆ ಅದನ್ನೇ ಹಾಕಿದೆ ಅಂತ. 'ಒಂದೇ ಒಂದು ದಿನ ಬೆತ್ ಥರ ನಮ್ಮ ಮ್ಯಾನೇಜರ್ ಹತ್ತಿರ ಮಾತಾಡಬೇಕು ಸರ್' ಅಂತಲೂ ಬರೆದಿದ್ದೀಯ. ಬೆತ್ ಅಂದರೆ ಆ ಕಥೆಯ ಜಮೀನ್ದಾರನ ಬಾಯಿಜೋರು ಮಗಳು. ಅದನ್ನು ಓದಿ ನಾನು ಜೋರಾಗಿ ನಕ್ಕೆ. ಒಳಗಿನಿಂದ ನನ್ನ ಹೆಂಡತಿ 'ಏನ್ರೀ ಅದು?' ಅಂದಳು. ಅವಳಿಗೂ ಓದಿ ಹೇಳಿದೆ. 'ಈ ಹುಡುಗಿ ಚೆನ್ನಾಗಿ ಬರೀತಾಳೆ ಕಣ್ರೀ' ಅಂದಳು.

ಆಮೇಲೆ ಲೇಖನ ತೆಗೆದೆ. 'ಪ್ರಸ್ತುತ ಧಾರಾವಾಹಿಯು ಪುರುಷಪ್ರಧಾನ ಹಿಂಸೆಯನ್ನು ವೈಭವೀಕರಿಸುತ್ತದೆ' ಅಂತ ಶುರುವಾಗುತ್ತೆ. ಇದನ್ನು ಬರೆದವರು ಯಾರು? ಎರಡು ಗಂಟೆವರೆಗೆ ನಿದ್ದೆಗೆಟ್ಟು ಕೂತಿದ್ದ ಹುಡುಗಿ ಎಲ್ಲಿ ಹೋದಳು?

2018ರ ಜೂನ್‌ನಿಂದ 2024ರ ಡಿಸೆಂಬರ್‌ವರೆಗೆ ಐದು ಸೀಸನ್, 53 ಕಂತು. ನೀನು ಒಂದನ್ನೂ ಬಿಟ್ಟಿಲ್ಲ ಅಂತ ನಿನ್ನ ಲೇಖನದಿಂದಲೇ ಗೊತ್ತಾಗುತ್ತೆ. ಖಂಡಿಸೋಕೆ ಅಂತ ಯಾರೂ 53 ಕಂತು ನೋಡಲ್ಲ ತಾಯಿ. ಖಂಡಿಸುವವರಿಗೆ ಮೂರು ಕಂತು ಸಾಕು. ಎಷ್ಟೋ ಜನಕ್ಕೆ ಟ್ರೇಲರ್ ಸಾಕು.

ಚೀಟಿಯ ಹಿಂಬದಿಯಲ್ಲಿ ಪ್ರಶ್ನೆಗಳ ಪಟ್ಟಿ ಇದೆ. ಲೇಖನ ಎಷ್ಟು ಪುಟ ಇರಬೇಕು, ಕಂತುಗಳ ಹೆಸರು ಹಾಕಬೇಕಾ, ಕಥೆಯ ಕೊನೆಯನ್ನು ಹೇಳಿಬಿಟ್ಟರೆ ತಪ್ಪಾ, ಯಾವ ಪತ್ರಿಕೆಗೆ ಕಳಿಸಲಿ. ಇವಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಅವರನ್ನೇ ಕೇಳು. ಆ ವಾರಪತ್ರಿಕೆಯವರು ವಾಪಸ್ ಕಳಿಸಿದ್ದಕ್ಕೆ 'ಬರೆಯೋದೇ ಬಿಟ್ಟುಬಿಡಲಾ ಸರ್' ಅಂತ ಕೇಳಿದ್ದೀಯ. ಬಿಡುವವರು ಯಾರನ್ನೂ ಕೇಳಿ ಬಿಡಲ್ಲ. ಮುಂದಕ್ಕೆ ಹೋಗೋಣ.

ನನ್ನ ಹತ್ತಿರ ಇರೋದು ಒಂದೇ ಮಾತು. ಇಷ್ಟವಾಗಿದ್ದನ್ನು ಇಷ್ಟವಾಯಿತು ಅಂತ ಮೊದಲು ಬರೆ. ಜಗಳ ಆಮೇಲೆ ಆಡು. ಇದನ್ನು ಕಂಡಕಂಡವರಿಗೆಲ್ಲ ಹೇಳಿ ನಾನು ಬೇಸರ ಹುಟ್ಟಿಸಿದ್ದೇನೆ. ಗೆಳೆಯರು ನನ್ನನ್ನು ಕಂಡರೆ ಮಾತು ಬದಲಾಯಿಸುತ್ತಾರೆ.

ಈ ಹಟ ಸುಮ್ನೆ ಬಂದಿದ್ದಲ್ಲ. ನಿನ್ನ ವಯಸ್ಸಿನಲ್ಲಿ ನಾನೊಂದು ಪತ್ರಿಕೆಗೆ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದೆ. ಅಲ್ಲಿನ ಸಂಪಾದಕರು ತುಂಬಾ ಓದಿಕೊಂಡವರು. ನಾನು 'ಇಲ್ಲಿ ನನಗೆ ಅಳು ಬಂತು' ಅಂತ ಬರೆದರೆ ಕೆಂಪು ಇಂಕಿನಲ್ಲಿ ಹೊಡೆದುಹಾಕಿ 'ಸಾಮಾನ್ಯ ಪ್ರೇಕ್ಷಕರ ಭಾವನೆಗಳನ್ನು ಮೀಟುವ ತಂತ್ರ' ಅಂತ ಮಾಡುತ್ತಿದ್ದರು. ಅತ್ತವನು ನಾನು. ಅದನ್ನು ತೆಗೆದು ಯಾರೋ ಸಾಮಾನ್ಯ ಪ್ರೇಕ್ಷಕನ ತಲೆಗೆ ಕಟ್ಟಿದರು. ಗಾಂಧಿನಗರದ ಥಿಯೇಟರಿನಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ ನಾನು. ಕತ್ತಲಲ್ಲಿ ಅವರೂ ಕರ್ಚೀಫು ತೆಗೆದಿದ್ದನ್ನು ನೋಡಿದ್ದೇನೆ. ಮಾರನೇ ದಿನ ಆಫೀಸಿನಲ್ಲಿ ಅದೇ ಸಿನಿಮಾದ ಬಗ್ಗೆ 'ಅಗ್ಗದ ಭಾವುಕತೆ' ಅಂದರು. ಅವರು ಈಗಿಲ್ಲ. ನನ್ನ ಸಿಟ್ಟು ಇನ್ನೂ ಇದೆ. ನಿನ್ನ ಲೇಖನ ಓದುವಾಗ ಆ ಕೆಂಪು ಇಂಕೇ ಕಂಡಿತು, ಆದರೆ ಈ ಸಲ ಪೆನ್ನು ನಿನ್ನ ಕೈಯಲ್ಲೇ ಇದೆ.

ಇರಲಿ, ಮೊದಲ ಕಂತಿನ ಮೊದಲ ದೃಶ್ಯಕ್ಕೆ ಬಾ. ರಸ್ತೆಯಲ್ಲಿ ಅಪಘಾತ ಆಗಿದೆ. ಲಾರಿ, ಕುದುರೆ ಸಾಗಿಸುವ ಟ್ರೇಲರ್, ಹೊಗೆ. ಕಥೆಯ ನಾಯಕ, ಬೆತ್‌ಳ ಅಪ್ಪ ಜಾನ್ ಡಟ್ಟನ್ ಮುಖದ ಮೇಲೆ ರಕ್ತ. ಅವನು ತನ್ನ ಗಾಯ ನೋಡಿಕೊಳ್ಳಲ್ಲ. ಏಳಲಾಗದ ಕುದುರೆಯ ಹತ್ತಿರ ಹೋಗುತ್ತಾನೆ, ಮಗುವಿಗೆ ಹೇಳುವ ಹಾಗೆ ಮೆತ್ತಗೆ ಏನೋ ಸಮಾಧಾನ ಹೇಳುತ್ತಾನೆ, ಪಿಸ್ತೂಲು ತೆಗೆದು ಹೊಡೆಯುತ್ತಾನೆ. ಆ ಪಾತ್ರ ಮಾಡಿದ ಕೆವಿನ್ ಕಾಸ್ಟ್ನರ್ ಇಲ್ಲಿ ಏನೂ ಮಾಡಲ್ಲ. ಅಳಲ್ಲ, ಕಿರುಚಲ್ಲ. ಕಣ್ಣು ಮಾತ್ರ ಸ್ವಲ್ಪ ಕೆಳಗಿಳಿಯುತ್ತೆ. ನಾನು ಅಷ್ಟರಲ್ಲೇ ಅವನ ಕಡೆ ಆಗಿಬಿಟ್ಟೆ. ಪ್ರೀತಿ ಇದ್ದೂ ಕೊಲ್ಲಬಲ್ಲ ಮನುಷ್ಯ ಇವನು, ಮುಂದೆ ಏನು ಮಾಡಿದರೂ ಅದಕ್ಕೊಂದು ಕಾರಣ ಇರುತ್ತೆ ಅಂತ ನಂಬಿಬಿಟ್ಟೆ. ನಂಬಿಸೋಕೆ ಅಂತಲೇ ಆ ದೃಶ್ಯ ಇರೋದು.

ನೀನು ಏನು ಬರೆದಿದ್ದೀಯ? 'ಆರಂಭಿಕ ದೃಶ್ಯವು ಮನೋಜ್ಞವಾಗಿ ಮೂಡಿಬಂದಿದೆ.' ಮನೋಜ್ಞ! ಕುದುರೆಯ ತಲೆಗೆ ಗುಂಡು ಬಿದ್ದಿದೆ.

ಆ ಗುಂಡಿನಿಂದ ಶುರುವಾಗಿ ನೀನು ಯಾರ ಪಕ್ಷ ವಹಿಸಿಕೊಂಡು ಬಂದೆ ಅಂತ ಸ್ವಲ್ಪ ಯೋಚನೆ ಮಾಡು. ಮೊಂಟಾನಾ ರಾಜ್ಯದಲ್ಲೇ ಎಲ್ಲಕ್ಕಿಂತ ದೊಡ್ಡ ರಾಂಚ್, ಅಂದರೆ ದನ ಸಾಕುವ ಜಮೀನು, ಈ ಡಟ್ಟನ್‌ದು. ದನಕರುಗಳ ಇಲಾಖೆಯ ಕಮಿಷನರ್ ಅವನೇ. ಆ ಇಲಾಖೆಯ ಬಂದೂಕುಗಳು ಅವನ ಬೇಲಿ ಕಾಯುತ್ತವೆ. ಮಗನನ್ನು ಅಟಾರ್ನಿ ಜನರಲ್ ಮಾಡುತ್ತಾನೆ, ಕೊನೆಗೆ ತಾನೇ ಗವರ್ನರ್ ಆಗುತ್ತಾನೆ. ಕೆಲಸದವರ ಎದೆಗೆ, ದನಕ್ಕೆ ಹಾಕುವ ಹಾಗೆ, ಕೆಂಪಗೆ ಕಾದ ಕಬ್ಬಿಣದ ಬರೆ ಹಾಕಿಸುತ್ತಾನೆ. ಬರೆ ಬಿದ್ದವನು ರಾಂಚ್ ಬಿಟ್ಟು ಹೋಗುವ ಹಾಗಿಲ್ಲ. ಹೋಗ್ತೀನಿ ಅಂದರೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು 'ಟ್ರೇನ್ ಸ್ಟೇಷನ್'ಗೆ ಬಿಟ್ಟುಬರುತ್ತಾರೆ. ಅಲ್ಲಿ ರೈಲೂ ಇಲ್ಲ, ಸ್ಟೇಷನ್ನೂ ಇಲ್ಲ. ಹೆಣ ಎಸೆಯುವ ಕಣಿವೆ ಅದು. ಇಂಥವನೊಬ್ಬ ನಿನ್ನ ತಾಲ್ಲೂಕಿನಲ್ಲಿ ಇದ್ದಿದ್ದರೆ ನೀನು ಅವನ ವಿರುದ್ಧ ಮೊದಲ ಅರ್ಜಿ ಬರೆಯುತ್ತಿದ್ದೆ. ಆದರೆ ಈ ಕಥೆಯಲ್ಲಿ ಅವನು ಸೋಲುತ್ತಾನೇನೋ ಅಂತ ಅನ್ನಿಸಿದಾಗೆಲ್ಲ ನಿನಗೆ ಎದೆ ಹೊಡೆದುಕೊಂಡಿದೆ. ಸುಳ್ಳು ಹೇಳಬೇಡ. ನನಗೂ ಹೊಡೆದುಕೊಂಡಿದೆ.

ಯಾಕೆ? ನಿನ್ನ ಲೇಖನ ಇರಬೇಕಾಗಿದ್ದು ಇಲ್ಲಿ.

ನನ್ನ ಉತ್ತರ ಹೇಳುತ್ತೇನೆ, ಅದನ್ನು ಕದಿಯಬೇಡ. ಆ ಮನುಷ್ಯ ದುಡ್ಡಿಗೆ 'ಬೇಡ' ಅನ್ನುತ್ತಾನೆ. ಮಾರ್ಕೆಟ್ ಈಕ್ವಿಟೀಸ್ ಅನ್ನೋ ಕಂಪನಿ ವಿಮಾನ ನಿಲ್ದಾಣ, ಸ್ಕೀ ರೆಸಾರ್ಟು, ಹೊಸ ಊರು ಅಂತ ನಕ್ಷೆ ಹಿಡಿದು ಬರುತ್ತೆ. ಇವನು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸುತ್ತಾನೆ. ಇಂದು ಎಲ್ಲದಕ್ಕೂ ರೇಟು ಇದೆ. ಇದು ಮಾರಾಟಕ್ಕಿಲ್ಲ ಅಂತ ಒಬ್ಬ ಹೇಳೋದನ್ನು ಕೇಳುವಾಗ ಒಂಥರಾ ಖುಷಿ ಆಗುತ್ತೆ. ಆ ಖುಷಿಗೋಸ್ಕರ ನಾನು ಕಣಿವೆಯಲ್ಲಿ ಬಿದ್ದ ಹೆಣಗಳನ್ನು ಲೆಕ್ಕ ಹಾಕುವುದನ್ನು ಬಿಟ್ಟೆ. ನನಗಿಂತ ಜಾಸ್ತಿ ಇದನ್ನು ಅರಿತವನು ಈ ಕಥೆ ಬರೆದ ಟೇಲರ್ ಶೆರಿಡನ್. ಅವನು ಆಟ ಆಡಿದ್ದೇ ಅಲ್ಲಿ.

ಆ 'ಟ್ರೇನ್ ಸ್ಟೇಷನ್' ಬಗ್ಗೆ ನೀನು 'ಅವಾಸ್ತವಿಕ' ಅಂತ ಒಂದೇ ಪದದಲ್ಲಿ ಮುಗಿಸಿದ್ದೀಯ. ಎಲ್ಲೋ ಓದಿದ ಪದ ಅದು, ಅಲ್ವಾ? ಇಷ್ಟು ಕೇಳು. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕಾನೂನು ಪ್ರಾಧ್ಯಾಪಕ ಬ್ರಯಾನ್ ಕಾಲ್ಟ್ 2005ರಲ್ಲಿ ಒಂದು ಪ್ರಬಂಧ ಬರೆದರು. ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿನ ಬಹುಪಾಲು ವಯೋಮಿಂಗ್ ರಾಜ್ಯದಲ್ಲಿದೆ. ಅಂಚಿನ ಒಂದು ಚೂರು, ಸುಮಾರು 130 ಚದರ ಕಿಲೋಮೀಟರ್, ಐಡಾಹೋ ರಾಜ್ಯಕ್ಕೆ ಸೇರುತ್ತೆ. ಆದರೆ ಇಡೀ ಪಾರ್ಕು ವಯೋಮಿಂಗಿನ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಬರುತ್ತೆ. ಅಪರಾಧ ನಡೆದ ರಾಜ್ಯ ಮತ್ತು ಜಿಲ್ಲೆ ಎರಡಕ್ಕೂ ಸೇರಿದವರೇ ತೀರ್ಪು ಹೇಳುವ ಜ್ಯೂರಿಯಲ್ಲಿ ಕೂರಬೇಕು ಅನ್ನುತ್ತೆ ಅಮೆರಿಕದ ಸಂವಿಧಾನ. ಐಡಾಹೋದ ಆ ಚೂರಿನಲ್ಲಿ ಒಬ್ಬ ಮನುಷ್ಯನೂ ವಾಸ ಇಲ್ಲ. ಅಲ್ಲಿ ಕೊಲೆ ಮಾಡಿದವನಿಗೆ ಜ್ಯೂರಿ ಎಲ್ಲಿಂದ ತರುತ್ತೀರಿ ಅಂತ ಕಾಲ್ಟ್ ಕೇಳಿದರು. ಕಾನೂನಿನ ಆ ರಂಧ್ರದ ನೆರಳು ಈ ಸೀರಿಯಲ್ಲಿನ ಕಣಿವೆಯ ಮೇಲೆ ಬಿದ್ದಿದೆ. ಜಾಗವನ್ನು ಅತ್ತಿತ್ತ ಸರಿಸಿದ್ದಾರೆ, ಅಷ್ಟೇ. ಕಾನೂನು ಬರೆದವರಿಗೇ ಕಾಣದ ಒಂದು ಬಿಲ ಇದೆ, ಅಲ್ಲಿ ಪಾಪ ಮಾಡಿದರೆ ಕೇಳುವವರಿಲ್ಲ. ಇದನ್ನು ಕೇಳಿ ನಿನಗೆ ಮೈ ಜುಮ್ ಅನ್ನಲಿಲ್ವಾ? ಅಂದಿದ್ದರೆ ಹಾಗಂತಲೇ ಬರೆ. 'ಅವಾಸ್ತವಿಕ' ಅಂತ ಬರೆದು ಜಾಣೆ ಅನ್ನಿಸಿಕೊಳ್ಳಬೇಡ.

ಬೆತ್ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಬೆತ್ ಪಾರ್ಟಿ ಅಂದರೆ ನನ್ನ ಹೆಂಡತಿ. ಬೆತ್ ಪಾತ್ರ ಮಾಡಿದ ಕೆಲ್ಲಿ ರೈಲಿ ಅಮೆರಿಕದವಳಲ್ಲ, ಇಂಗ್ಲೆಂಡಿನವಳು ಅಂತ ಹೇಳಿದಾಗ ಅವಳು ಒಂದು ವಾರ ನಂಬಲಿಲ್ಲ. ಅವಳಿಗೆ ಆ ಮನೆಯ ಊಟದ ಮೇಜಿನ ಬಗ್ಗೆ ಒಂದು ದೊಡ್ಡ ದೂರು ಇದೆ. ಅಷ್ಟುದ್ದ ಮೇಜು, ಮೇಣದ ಬತ್ತಿ, ಮಾಂಸ, ಬ್ರೆಡ್ಡು, ವೈನು. ಎಲ್ಲರೂ ಕೂರುತ್ತಾರೆ. ಯಾರೋ ಒಂದು ಮಾತು ಅಂದರೆ ಇನ್ಯಾರೋ ಕುರ್ಚಿ ತಳ್ಳಿ ಎದ್ದು ಹೋಗುತ್ತಾರೆ. ತಟ್ಟೆ ಹಾಗೇ ಇರುತ್ತೆ. 'ಆ ಅಡುಗೆಯವನ ಪಾಡು ನೋಡ್ರೀ' ಅಂತಾಳೆ ಇವಳು. ಐದನೇ ಸೀಸನ್‌ನಲ್ಲಿ ಬೆತ್, ಆ ಪರಿಸರ ಹೋರಾಟಗಾರ್ತಿ ಸಮ್ಮರ್ ಇಬ್ಬರೂ ಊಟದ ಮಧ್ಯೆ ಎದ್ದು ಅಂಗಳಕ್ಕೆ ಹೋಗಿ ಮುಷ್ಟಿ ಬಿಗಿದು ಹೊಡೆದಾಡಿಕೊಂಡು, ಮುಖ ಊದಿಸಿಕೊಂಡು ಬಂದು ಮತ್ತೆ ಅದೇ ಮೇಜಿಗೆ ಕೂತರಲ್ಲ, ಆಗ ಮಾತ್ರ ಇವಳಿಗೆ ಸಮಾಧಾನ ಆಯಿತು. ಸದ್ಯ ಊಟ ಮಾಡಿದರು ಅಂತ. ಈ ಒಂದು ಗಮನ ನಿನ್ನ ಇಡೀ ಲೇಖನದಲ್ಲಿ ಇಲ್ಲ. 'ಕೌಟುಂಬಿಕ ಸಂಘರ್ಷ' ಅಂತ ಇದೆ.

ಆದರೆ ಬೆತ್ ಬಗ್ಗೆ ನಿನ್ನ ಒಂದು ಪ್ಯಾರಾ ಇದೆ, ಅದು ನಿನ್ನದೇ. ಮೂರನೇ ಸೀಸನ್‌ನ ಆ ಕ್ಲಿನಿಕ್ಕಿನ ಹಳೇ ಕಥೆ. ಬೆತ್ ಇನ್ನೂ ಹುಡುಗಿ, ಬಸುರಿ, ಅಪ್ಪನಿಗೆ ಹೇಳೋಕೆ ಭಯ. ಅಣ್ಣ ಜೇಮಿಯನ್ನು ಕರೆದುಕೊಂಡು ಹೋಗು ಅನ್ನುತ್ತಾಳೆ. ಅವನು ಊರಿಗೆ ಗೊತ್ತಾಗಬಾರದು ಅಂತ ರಿಸರ್ವೇಷನ್ನಿನ, ಅಂದರೆ ಮೂಲನಿವಾಸಿಗಳಿಗೆ ಮೀಸಲಿಟ್ಟ ಪ್ರದೇಶದ, ಕ್ಲಿನಿಕ್ಕಿಗೆ ಕರೆದೊಯ್ಯುತ್ತಾನೆ. ಇಲ್ಲಿ ಗರ್ಭಪಾತ ಮಾಡಿಸಿದರೆ ಜೊತೆಗೆ ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ನೂ ಮಾಡುತ್ತಾರೆ ಅಂತ ಕೌಂಟರಿನಲ್ಲಿ ಅವನಿಗೆ ಹೇಳುತ್ತಾರೆ. ಅವನು ಒಪ್ಪಿಕೊಳ್ಳುತ್ತಾನೆ. ಹೊರಗೆ ಗಾಡಿಯಲ್ಲಿ ಕೂತ ತಂಗಿಗೆ ಆ ಮಾತು ಹೇಳಲ್ಲ. ನೀನು ಬರೆದಿದ್ದೀಯ: 'ಇಲ್ಲಿ ನಾನು ವಿಡಿಯೋ ನಿಲ್ಲಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದೆ.' ಈ ಒಂದು ವಾಕ್ಯಕ್ಕೋಸ್ಕರ ನಾನು ಈ ಪತ್ರ ಬರೆಯುತ್ತಿದ್ದೇನೆ. ಆಮೇಲೆ ಏನಾಯಿತೋ, ಮುಂದಿನ ವಾಕ್ಯದಲ್ಲೇ 'ಹೃದಯಸ್ಪರ್ಶಿ ಸನ್ನಿವೇಶ' ಅಂತ ಹಾಕಿ ಓಡಿಹೋಗಿದ್ದೀಯ.

ಓಡಬಾರದಿತ್ತು. ನೀರು ಕುಡಿದು ವಾಪಸ್ ಬಂದು ಕೂತವಳಿಗೆ ಒಂದು ಪ್ರಶ್ನೆ ಹುಟ್ಟಬೇಕಿತ್ತು. ರಿಸರ್ವೇಷನ್ನಿನ ಕ್ಲಿನಿಕ್ಕಿನಲ್ಲಿ ಅಂಥ ನಿಯಮ ಯಾಕೆ ಇತ್ತು? ಇದು ಬರಹಗಾರನ ತಲೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮೂಲನಿವಾಸಿಗಳಿಗೆ ಸರ್ಕಾರವೇ ನಡೆಸುವ ಆರೋಗ್ಯ ಸೇವೆ ಇದೆ. 1976ರಲ್ಲಿ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ ಅದರ ಹನ್ನೆರಡು ವಲಯಗಳಲ್ಲಿ ನಾಲ್ಕನ್ನು ಮಾತ್ರ ತೆಗೆದು ನೋಡಿತು. 1973ರಿಂದ 1976ರ ನಡುವೆ ಆ ನಾಲ್ಕರಲ್ಲೇ 3,406 ಹೆಂಗಸರಿಗೆ ಸಂತಾನಹರಣ ಆಪರೇಷನ್ ಆಗಿತ್ತು. ಒಪ್ಪಿಗೆ ಪಡೆದ ರೀತಿ ಸರಿಯಿರಲಿಲ್ಲ ಅಂತ ಆ ವರದಿಯೇ ಹೇಳುತ್ತೆ. ಇಪ್ಪತ್ತೊಂದು ತುಂಬದ ಹುಡುಗಿಯರಿಗೂ, ಮಾಡಬಾರದು ಅಂತ ತಡೆ ಇದ್ದಾಗಲೇ, ಮಾಡಿದ್ದರು.

ಈಗ ನೋಡು. ಸಾವಿರಾರು ಮೂಲನಿವಾಸಿ ಹೆಂಗಸರ ಮೈಮೇಲೆ ನಡೆದದ್ದನ್ನು ತಂದು ಈ ಕಥೆ ಒಬ್ಬ ಶ್ರೀಮಂತ ಬಿಳಿ ಹುಡುಗಿಯ ಮೈಮೇಲೆ ಇಟ್ಟಿತು. ನಮ್ಮ ಕಣ್ಣೀರು ಅವಳಿಗೆ ಹೋಯಿತು. ಕೌಂಟರಿನ ಆಚೆ ಬೆಂಚಿನಲ್ಲಿ ಕೂತಿದ್ದವರಿಗೆ ಏನೂ ಉಳಿಯಲಿಲ್ಲ. ನನಗೆ ಇದರ ಮೇಲೆ ಸಿಟ್ಟಿದೆ. ಮೂಲನಿವಾಸಿ ಸೊಸೆ ಮೋನಿಕಾಳಂಥ ಪಾತ್ರವನ್ನು ಮನೆಯೊಳಗೇ ಇಟ್ಟುಕೊಂಡು ಈ ಚರಿತ್ರೆಯನ್ನು ಬೆತ್‌ಗೆ ಕೊಟ್ಟದ್ದು ಯಾಕೆ? ಆದರೆ ಈ ಸಿಟ್ಟಿಗೆ ಬೆಲೆ ಬರೋದು ನಾನು ಬೆತ್‌ಗೋಸ್ಕರ ಅತ್ತಿದ್ದೇನೆ ಅಂತ ಮೊದಲು ಹೇಳಿದರೆ ಮಾತ್ರ. ಅಳದೇ ಇದ್ದವನು ಈ ತಕರಾರು ಎತ್ತಿದರೆ ಅದು ಸೆಮಿನಾರಿನ ಮಾತು. ಅತ್ತವನು ಎತ್ತಿದರೆ, 'ನನ್ನ ಜೇಬಿನಿಂದ ಹೀಗೆ ಕದ್ದರು ನೋಡಿ' ಅಂತ ತೋರಿಸಿದ ಹಾಗೆ. ನಿನ್ನ ಕೈಯಲ್ಲಿ ಎರಡೂ ಇತ್ತು ಮಗೂ. ನೀರಿನ ಲೋಟವೂ ಇತ್ತು, ಪ್ರಶ್ನೆಯೂ ಸಿಗುತ್ತಿತ್ತು.

'ಮೊಂಟಾನಾದ ಮಣ್ಣಿನ ವಾಸನೆ' ಅಂತ ಒಂದು ಕಡೆ ಬರೆದಿದ್ದೀಯ. ಮೊದಲ ಮೂರು ಸೀಸನ್‌ಗಳ ಬಹುಪಾಲು ಚಿತ್ರೀಕರಣ ನಡೆದದ್ದು ಯೂಟಾದಲ್ಲಿ. ನಿನಗೆ ವಾಸನೆ ಬಂದಿದ್ದು ಯಾವ ಮಣ್ಣಿನದೋ. ಅದು ಹೋಗಲಿ. ಆ ಮರದ ದಿಮ್ಮಿಗಳ ದೊಡ್ಡ ಮನೆ ಮಾತ್ರ ನಿಜಕ್ಕೂ ಮೊಂಟಾನಾದ್ದೇ, ಡಾರ್ಬಿ ಅನ್ನೋ ಸಣ್ಣ ಊರಿನ ಹತ್ತಿರ, ಬಿಟರ್‌ರೂಟ್ ಕಣಿವೆಯಲ್ಲಿದೆ. ಆ ರಾಂಚಿನ ನಿಜವಾದ ಹೆಸರು ಏನು ಗೊತ್ತಾ? ಚೀಫ್ ಜೋಸೆಫ್ ರಾಂಚ್. ನೆಜ್ ಪರ್ಸ್ ಜನರ ನಾಯಕ ಜೋಸೆಫ್. 1877ರಲ್ಲಿ ತಮ್ಮ ನೆಲದಿಂದ ಹೊರದಬ್ಬಿಸಿಕೊಂಡು, ಬೆನ್ನಿಗೆ ಬಿದ್ದ ಸೈನ್ಯದಿಂದ ತಪ್ಪಿಸಿಕೊಂಡು, ಹೆಂಗಸರು ಮಕ್ಕಳ ಜೊತೆ ಅದೇ ಕಣಿವೆ ದಾಟಿ ಹೋದ ಜನ ಅವರು. ಐದು ಸೀಸನ್ ಉದ್ದಕ್ಕೂ ಡಟ್ಟನ್‌ಗಳು 'ಇದು ನಮ್ಮ ನೆಲ' ಅಂತ ಆ ಮನೆಯ ಜಗಲಿಯಲ್ಲಿ ನಿಂತು ಹೇಳುತ್ತಾರೆ. ಇದನ್ನು ನಾನು ತುಂಬಾ ತಡವಾಗಿ ತಿಳಿದುಕೊಂಡೆ. ಆಮೇಲೆ ಆ ಜಗಲಿ ನನಗೆ ಮೊದಲಿನ ಹಾಗೆ ಕಾಣಲೇ ಇಲ್ಲ.

ಈಗ ನಿನಗೆ ಇಷ್ಟವಾಗದ ಮಾತು. ನಿನ್ನ ಲೇಖನದ ಕೊನೆಯ ಭಾಗದಲ್ಲಿ ದೇವನಹಳ್ಳಿ ಬಂದಿದೆ. ಅಲ್ಲೂ ವಿಮಾನ ನಿಲ್ದಾಣ, ಇಲ್ಲೂ ವಿಮಾನ ನಿಲ್ದಾಣ, ಆದ್ದರಿಂದ ಜಾನ್ ಡಟ್ಟನ್ ನಮ್ಮ ರೈತ ಅಂತ. ನಿಲ್ಲಿಸು. ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳೋಕೆ ವರ್ಷಗಟ್ಟಲೆ ಧರಣಿ ಕೂತರು. ಬಿಸಿಲು, ಮಳೆ, ಪೊಲೀಸು ಎಲ್ಲ ನೋಡಿದರು. 2025ರ ಜುಲೈಯಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಸಣ್ಣ ಹಿಡುವಳಿಯವರು ಒಟ್ಟಿಗೆ ಕೂತು ಗೆದ್ದ ಜಾಗ ಅದು. ಹೆಣ ಎಸೆಯುವ ಕಣಿವೆ ಇಟ್ಟುಕೊಂಡ ಜಮೀನ್ದಾರನ ಪಕ್ಕದಲ್ಲಿ ಅವರನ್ನು ಕೂರಿಸುತ್ತೀಯಾ? ಅವರಿಗೆ ಅವಮಾನ. ನೀನು ಅದನ್ನು ಯಾಕೆ ಹಾಕಿದೆ ಅಂತ ನನಗೆ ಗೊತ್ತು. ವಿದೇಶಿ ಸೀರಿಯಲ್ ನೋಡಿ ಖುಷಿಪಟ್ಟಿದ್ದಕ್ಕೆ ನಿನಗೆ ಒಳಗೊಳಗೇ ಸಂಕೋಚ. ಊರಿನ ಹೆಸರು ತಂದರೆ ಲೇಖನಕ್ಕೆ ಮರ್ಯಾದೆ ಬರುತ್ತೆ ಅಂದುಕೊಂಡೆ. 'ನಮ್ಮ ಓದುಗರಿಗೆ ಇದರಿಂದೇನು' ಅಂತ ಆ ವಾರಪತ್ರಿಕೆಯವರು ಕೇಳುತ್ತಾರೆ ಅಂತ ಮೊದಲೇ ಹೆದರಿ ಉತ್ತರ ಕಟ್ಟಿಟ್ಟೆ. ಆದರೂ ಕೇಳಿದರಲ್ಲ! ಆ ಪುಟಗಳನ್ನು ಹರಿದುಹಾಕು. ಮೊಂಟಾನಾದ ಕಥೆ ಮೊಂಟಾನಾದಲ್ಲೇ ಇರಲಿ. ನೋಡಿದವಳು ನೀನು, ಅಷ್ಟು ಸಂಬಂಧ ಸಾಕು.

ಕಾಸ್ಟ್ನರ್ ಯಾಕೆ ಬಿಟ್ಟುಹೋದ, ಶೆರಿಡನ್ ಜೊತೆ ಏನು ಜಗಳ ಅನ್ನೋ ಭಾಗವನ್ನೂ ತೆಗಿ. ಗಾಸಿಪ್ಪು ಎಲ್ಲರಿಗೂ ಸಿಗುತ್ತೆ. ನಾಯಕನೇ ಇಲ್ಲದೆ ಐದನೇ ಸೀಸನ್‌ನ ಉಳಿದರ್ಧ ಶುರುವಾದಾಗ, ಜಾನ್ ಡಟ್ಟನ್ ಗವರ್ನರ್ ಬಂಗಲೆಯ ಬಚ್ಚಲಲ್ಲಿ ಹೆಣವಾಗಿ ಬಿದ್ದಿದ್ದಾಗ, ಕ್ಯಾಮೆರಾ ಅವನ ಮುಖ ತೋರಿಸದೆ ಪಕ್ಕಕ್ಕೆ ಸರಿದಾಗ ನಿನಗೆ ಏನಾಯಿತು? ನನಗೆ ಮೋಸ ಹೋದ ಹಾಗೆ ಆಯಿತು. ಕುದುರೆಗೆ ಅಷ್ಟು ಹೊತ್ತು ವಿದಾಯ ಹೇಳಿದ ಮನುಷ್ಯನಿಗೆ ಯಾರೂ ವಿದಾಯ ಹೇಳಲಿಲ್ಲ.

ಕೊನೆಯ ಕಂತನ್ನು ನೀನು ಹೊಗಳಿದ್ದೀಯ, ಅಲ್ಲಿ ನಿನ್ನ ದನಿ ಸ್ವಲ್ಪ ಬಿಸಿಯಾಗಿದೆ. ಒಳ್ಳೆಯದು. ಉತ್ತರಾಧಿಕಾರದ ತೆರಿಗೆ ಕಟ್ಟೋಕೆ ದುಡ್ಡಿಲ್ಲ. ಜಮೀನು ಬೇಕಾದಷ್ಟು, ಕೈಯಲ್ಲಿ ಕಾಸಿಲ್ಲ. ದೊಡ್ಡ ಜಮೀನಿನ ಎಷ್ಟೋ ಮನೆಗಳಲ್ಲಿ ಇರುವ ಕಷ್ಟವೇ ಅದು. ಆಗ ಜಾನ್‌ನ ಕಿರಿಯ ಮಗ ಕೇಸಿ ಇಡೀ ರಾಂಚನ್ನು ಬ್ರೋಕನ್ ರಾಕ್ ರಿಸರ್ವೇಷನ್ನಿನ ಮೂಲನಿವಾಸಿಗಳ ನಾಯಕ ಥಾಮಸ್ ರೇನ್‌ವಾಟರ್‌ಗೆ ಎಕರೆಗೆ 1.25 ಡಾಲರಿನಂತೆ ಮಾರುತ್ತಾನೆ. ಅವರು ಅದನ್ನು ಮತ್ತೆ ಮಾರಬಾರದು, ಅಲ್ಲಿ ಏನೂ ಕಟ್ಟಬಾರದು. ತನಗೊಂದು ಸಣ್ಣ ತುಂಡು ಉಳಿಸಿಕೊಳ್ಳುತ್ತಾನೆ. ಪೂರ್ವಕಥೆಯಾದ '1883'ರಲ್ಲಿ ಒಬ್ಬ ಮೂಲನಿವಾಸಿ ಹಿರಿಯ, ಏಳು ತಲೆಮಾರಿನ ಮೇಲೆ ಈ ನೆಲ ವಾಪಸ್ ತಗೋತೀವಿ ಅಂತ ಹೇಳಿದ್ದ ಮಾತು ಇಲ್ಲಿಗೆ ಬಂದು ಕೂಡುತ್ತೆ. ನಾನೂ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತೆ. ಚೆನ್ನಾಗಿ ಹೆಣೆದಿದ್ದಾರೆ, ಎರಡು ಮಾತಿಲ್ಲ.

ಆಮೇಲೆ ಆ 1.25 ತಲೆಯಲ್ಲಿ ಕೊರೆಯೋಕೆ ಶುರುವಾಯಿತು. 1820ರ ಕಾನೂನಿನ ಪ್ರಕಾರ ಅಮೆರಿಕ ಸರ್ಕಾರ ತನ್ನ ಕೈಗೆ ಬಂದ ನೆಲವನ್ನು ವಲಸಿಗರಿಗೆ ಮಾರುತ್ತಿದ್ದ ಕನಿಷ್ಠ ದರ ಅದೇ, ಎಕರೆಗೆ 1.25 ಡಾಲರ್. ಆ ನೆಲ ಸರ್ಕಾರದ ಕೈಗೆ ಬಂದದ್ದು ಯಾರಿಂದ? ಅಂದರೆ ತಮ್ಮದೇ ನೆಲಕ್ಕೆ ಅವರು ದುಡ್ಡು ಎಣಿಸಿ ಕೊಟ್ಟರು, ಷರತ್ತಿಗೆ ಒಪ್ಪಿ ಸಹಿ ಹಾಕಿದರು, ಕೊಟ್ಟವನಿಗೆ ದೊಡ್ಡ ಮನಸ್ಸಿನವನು ಅಂತ ಹೆಸರು ಬಂತು. ಡಟ್ಟನ್‌ಗಳ ಗೋರಿಕಲ್ಲು ಉರುಳಿಸೋಕೆ ಹೋದ ಮೂಲನಿವಾಸಿ ಹುಡುಗರನ್ನು ರೇನ್‌ವಾಟರ್‌ನ ಬಲಗೈ ಬಂಟ ಮೋ ತಡೆಯುವ ದೃಶ್ಯ ಬಂದಾಗ ನನಗೆ ಆ ಹುಡುಗರ ಮೇಲೇ ಕನಿಕರ ಬಂತು. ಐದು ಸೀಸನ್‌ನಲ್ಲಿ ಅವರ ಸಿಟ್ಟಿಗೆ ಸಿಕ್ಕಿದ್ದು ಒಂದೆರಡು ನಿಮಿಷ. ಹೀಗೆ ಮುಂದಕ್ಕೆ ಸರಿದು ಕೂತದ್ದನ್ನೂ ಬರೆ, ಆಮೇಲೆ ಕೊರೆದದ್ದನ್ನೂ ಬರೆ. ಕ್ರಮ ತಪ್ಪಿಸಬೇಡ.

ಇನ್ನು ಜೇಮಿ. ನಿನ್ನ ಲೇಖನದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಸಾಲು, 'ದುಷ್ಟ ಪಾತ್ರ'. ಕ್ಲಿನಿಕ್ಕಿನ ವಿಷಯದಲ್ಲಿ ಅವನು ಮಾಡಿದ್ದಕ್ಕೆ ಕ್ಷಮೆ ಇಲ್ಲ. ಆದರೂ ನನಗೆ ಅವನನ್ನು ಅಷ್ಟು ಸುಲಭಕ್ಕೆ ಬಿಡೋಕೆ ಆಗಲ್ಲ. ಎತ್ತಿಕೊಂಡು ಬಂದು ಸಾಕಿದ ಮಗ. ರಾಂಚಿಗೊಬ್ಬ ವಕೀಲ ಬೇಕು ಅಂತ ಅಪ್ಪ ಅವನನ್ನು ಹಾರ್ವರ್ಡಿಗೆ ಕಳಿಸಿದ. ಓದಿ ಬಂದು ಸೂಟು ಹಾಕಿಕೊಂಡ ಮೇಲೆ ಕೌಬಾಯ್ ಅಲ್ಲ ಅಂತ ಅದೇ ಅಪ್ಪ ಮೂತಿ ತಿರುಗಿಸಿದ. ಎರಡನೇ ಸೀಸನ್‌ನಲ್ಲಿ ಅವನನ್ನು ಕೆಲಸದವರು ಮಲಗುವ ಬಂಕ್‌ಹೌಸಿಗೆ ಹಾಕಿ ಲಾಯ ಗುಡಿಸುವ ಕೆಲಸ ಕೊಡುತ್ತಾರೆ. ಲದ್ದಿ ಎತ್ತುವಾಗ ಜೇಮಿ ಪಾತ್ರ ಮಾಡಿದ ವೆಸ್ ಬೆಂಟ್ಲಿಯ ಮುಖ ನೋಡು. ಆ ಇಡೀ ಕಥೆಯಲ್ಲಿ ಜೇಮಿ ಹಗುರಾಗಿ ಉಸಿರಾಡಿದ್ದು ಅಲ್ಲಿ ಮಾತ್ರ. ಕೊನೆಯಲ್ಲಿ ಬೆತ್ ಅವನನ್ನು ಚಾಕುವಿನಿಂದ ಇರಿದಾಗ ನನ್ನ ಹೆಂಡತಿ 'ಸರಿಯಾಯ್ತು' ಅಂದಳು. ನಾನು ಎದ್ದು ಟೀವಿ ಆರಿಸಿದೆ. ಆ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಅವನು ಸತ್ತಾಗ ನಿನಗೆ ಏನನ್ನಿಸಿತು? ಬೇರೆ ಎಲ್ಲ ಬದಿಗಿಟ್ಟು ಇದೊಂದನ್ನು ಬರೆದು ಕಳಿಸು. ಚೀಟಿ ಬರೆದ ಹಾಗೇ ಬರೆ. ಇಂಥ ದಿನದೊಳಗೆ ಅಂತ ಇಲ್ಲ, ಆದರೆ ದಸರಾ ಆದ ಮೇಲೆ ನಾವು ಮಗಳ ಮನೆಗೆ ಹೋಗುತ್ತೇವೆ, ಅದಕ್ಕೆ ಮುಂಚೆ ಬಂದರೆ ಒಳ್ಳೆಯದು. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ಮೊದಲು ಓದುವವಳು ನನ್ನ ಹೆಂಡತಿ, ನೀನು ಅವಳ ಕಡೆ ಅಂತ ಈಗಲೇ ಲೆಕ್ಕ ಹಾಕಿಕೊಂಡಿದ್ದಾಳೆ.

ನಿನ್ನ,
ಮೇಷ್ಟ್ರು